ಸೆಂಟು ಒಣಗುವ ಲೆಕ್ಕ: ಪರ್ಫ್ಯೂಮ್ ಅರ್ಥಮಾಡಿಕೊಂಡು ಕೊಳ್ಳುವುದು ಹೇಗೆ?

ದಸರಾ ಮುಗಿದು ಮದುವೆಗಳು ಶುರುವಾದರೆ ಮೈಸೂರಿನಲ್ಲಿ ಸೆಂಟಿನ ವ್ಯಾಪಾರ ಜೋರು. ಮೊದಲೆಲ್ಲ ಪೌಡರ್ ಡಬ್ಬ, ಒಂದು ಅತ್ತರಿನ ಶೀಶೆ, ಆಮೇಲೆ ಡಿಯೋ, ಇಷ್ಟಕ್ಕೆ ಮುಗಿಯುತ್ತಿತ್ತು. ಈಗ ಮಾಲಿನ ಕೌಂಟರಿನಿಂದ ಹಿಡಿದು ಫೋನಿನ ಆ್ಯಪ್‌ವರೆಗೆ ಎಲ್ಲೆಲ್ಲೂ ಈಡಿಪಿ, ಈಡಿಟಿ, ಊದ್ (ಅಗರು), ಮಸ್ಕ್ (ಕಸ್ತೂರಿ) ಎಂಬ ಪದಗಳು. ಒಂದೇ 50 ಮಿಲಿ ಶೀಶೆ ಒಂದು ಕಡೆ ಮುನ್ನೂರು ರೂಪಾಯಿ, ಇನ್ನೊಂದು ಕಡೆ ಹತ್ತು ಸಾವಿರ. ಅಂಗಡಿಯಲ್ಲಿ ಘಮ್ಮೆಂದದ್ದು ಮನೆಗೆ ಬರುವಷ್ಟರಲ್ಲಿ ಬೇರೆಯೇ ವಾಸನೆ. ಬೆಳಿಗ್ಗೆ ಹಾಕಿಕೊಂಡರೆ ಹತ್ತು ಗಂಟೆಗೆ ಮಾಯ.

ಈ ಗೊಂದಲಗಳಲ್ಲಿ ಹೆಚ್ಚಿನವು ಒಂದೇ ಸಂಗತಿಗೆ ಬಂದು ನಿಲ್ಲುತ್ತವೆ: ಯಾವುದು ಎಷ್ಟು ಬೇಗ ಒಣಗುತ್ತದೆ ಎನ್ನುವುದು. ಒಗೆದ ಬಟ್ಟೆಗಳನ್ನು ತಂತಿಯ ಮೇಲೆ ಹರವಿದಾಗ ತೆಳು ಪಂಚೆ ಅರ್ಧ ಗಂಟೆಗೆ ಒಣಗುತ್ತದೆ, ಜೀನ್ಸ್ ಪ್ಯಾಂಟು ಸಂಜೆಯಾದರೂ ಸೊಂಟದ ಪಟ್ಟಿಯಲ್ಲಿ ಹಸಿ ಉಳಿಸಿಕೊಂಡಿರುತ್ತದೆ. ಸೆಂಟಿನೊಳಗೆ ನಡೆಯುವುದೂ ಇದೇ.

ಶೀಶೆಯೊಳಗೆ ಏನಿರುತ್ತದೆ?

ಪರಿಮಳದ ಎಣ್ಣೆಗಳ ಮಿಶ್ರಣ, ಆಲ್ಕೋಹಾಲ್, ಸ್ವಲ್ಪ ನೀರು. ಬಣ್ಣ ಮತ್ತು ಕೆಡದಂತೆ ಕಾಯುವ ಒಂದೆರಡು ವಸ್ತು ಬಿಟ್ಟರೆ ಬೇರೇನೂ ಇಲ್ಲ. ಆಲ್ಕೋಹಾಲ್ ಎಂದರೆ ಎಥೆನಾಲ್. ನಮ್ಮ ದೇಶದಲ್ಲಿ ಅದರ ದೊಡ್ಡ ಮೂಲಗಳಲ್ಲೊಂದು ಕಬ್ಬಿನ ಕಾಕಂಬಿ. ಮಂಡ್ಯದ ಕಡೆಯವರಿಗೆ ಅದರ ವಾಸನೆಯ ಪರಿಚಯ ಹೇಳಿಕೊಡಬೇಕಾಗಿಲ್ಲ. ಸೆಂಟಿಗೆ ಬಳಸುವ ಎಥೆನಾಲನ್ನು ಚೆನ್ನಾಗಿ ಶುದ್ಧಿಮಾಡಿ, ಕುಡಿಯಲು ಬಾರದಂತೆ ಕಹಿ ವಸ್ತು ಬೆರೆಸಿರುತ್ತಾರೆ. ಡಬ್ಬದ ಮೇಲೆ ‘ಆಲ್ಕೋಹಾಲ್ ಡಿನ್ಯಾಚರ್ಡ್’ ಎಂದಿರುವುದು ಇದನ್ನೇ.

ಆಲ್ಕೋಹಾಲಿನ ಕೆಲಸ ಎರಡು. ನೀರಿನಲ್ಲಿ ಬೆರೆಯದ ಎಣ್ಣೆಗಳನ್ನು ಕರಗಿಸಿಟ್ಟುಕೊಳ್ಳುವುದು, ಮೈಮೇಲೆ ಬಿದ್ದ ಕೂಡಲೇ ತಾನು ಹಾರಿಹೋಗಿ ಎಣ್ಣೆಯನ್ನು ತೆಳುವಾಗಿ ಹರಡುವುದು. ಹೊಡೆದ ತಕ್ಷಣ ಮೂಗಿಗೆ ಚುರ್ರೆನ್ನುವುದು ಸೆಂಟಿನ ಗುಣವೂ ಅಲ್ಲ, ದೋಷವೂ ಅಲ್ಲ, ಬರೀ ಆಲ್ಕೋಹಾಲ್. ಅರ್ಧ ನಿಮಿಷ ಬಿಟ್ಟು ಮೂಸಬೇಕು.

ಮೇಲಿನ ಘಮ, ನಡುವಿನ ಘಮ, ತಳದ ಘಮ

ಡಬ್ಬದ ಮೇಲೆ ‘ಟಾಪ್ ನೋಟ್’, ‘ಹಾರ್ಟ್ ನೋಟ್’, ‘ಬೇಸ್ ನೋಟ್’ ಎಂದು ಮೂರು ಸಾಲು ಇರುತ್ತದಲ್ಲ, ಅದು ಒಣಗುವ ಸರದಿ. ಕಿತ್ತಳೆ, ನಿಂಬೆ ಸಿಪ್ಪೆಯ ಘಮಕ್ಕೆ ಮುಖ್ಯ ಕಾರಣ ಲಿಮೋನೀನ್ ಎಂಬ ಸಣ್ಣ, ಹಗುರ ಅಣು. ಅದು ಕುದಿಯುವುದು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶ್ರೀಗಂಧದ ಪರಿಮಳದ ಜೀವಾಳವಾದ ಸ್ಯಾಂಟಲಾಲ್ ಕುದಿಯಬೇಕಾದರೆ 300 ಡಿಗ್ರಿಯ ಆಸುಪಾಸು ಬೇಕು. ಮೈಮೇಲೆ ಯಾವುದೂ ಕುದಿಯುವುದಿಲ್ಲ, ನಿಜ. ಆದರೆ ಬೇಗ ಕುದಿಯುವಂಥದ್ದು ಸಾಮಾನ್ಯವಾಗಿ ಬೇಗ ಆರುತ್ತದೆ. ಕಿತ್ತಳೆ ಸಿಪ್ಪೆ ಹಿಂಡಿದ ಬೆರಳಿನ ಘಮ ಸ್ವಲ್ಪ ಹೊತ್ತಿಗೆ ಇಲ್ಲ. ಗಂಧದ ಕೊರಡು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಘಮಿಸುತ್ತದೆ.

ಹಾಗಾಗಿ ಹೊಡೆದ ಮೊದಲ ಹತ್ತು ಹದಿನೈದು ನಿಮಿಷ ಮುಂದೆ ನಿಲ್ಲುವುದು ನಿಂಬೆ ಜಾತಿಯ ಸಿಪ್ಪೆಯೆಣ್ಣೆಗಳು, ಪುದೀನ, ಕೆಲವು ಹಣ್ಣಿನ ವಾಸನೆಗಳು. ಅವು ಇಳಿದ ಮೇಲೆ ಎರಡು ಮೂರು ಗಂಟೆ ಗುಲಾಬಿ, ಮಲ್ಲಿಗೆ, ಏಲಕ್ಕಿ, ಲವಂಗ. ಕೊನೆಗೆ ಉಳಿಯುವುದು ಗಂಧ, ಲಾವಂಚ, ಪಚ್ಚೆತೆನೆ, ಸಾಂಬ್ರಾಣಿಯಂಥ ಅಂಟುಗಳು, ವೆನಿಲಾ, ಕಸ್ತೂರಿ. ಇವು ಬಟ್ಟೆಯ ಮೇಲೆ ಮಾರನೆಯ ದಿನವೂ ಇರುತ್ತವೆ. ಮೂರೂ ಒಂದಾದ ಮೇಲೊಂದು ಬರುತ್ತವೆ ಎಂದು ತಿಳಿಯಬೇಡಿ. ಎಲ್ಲವೂ ಒಟ್ಟಿಗೇ ಹೊರಡುತ್ತವೆ, ಬೇಗ ಆರುವುದು ಮುಂದೆ ನಿಂತು ಉಳಿದದ್ದನ್ನು ಮುಚ್ಚಿರುತ್ತದೆ. ಭಾರದ ಎಣ್ಣೆಗಳು ಹಗುರಾದವನ್ನು ಸ್ವಲ್ಪ ಹಿಡಿದಿಡುತ್ತವೆ ಕೂಡ. ಹಳೆಯ ಅತ್ತರಿನವರು ಎಲ್ಲಕ್ಕೂ ಗಂಧದೆಣ್ಣೆಯನ್ನೇ ತಳಕ್ಕೆ ಹಾಕುತ್ತಿದ್ದುದು ಇದಕ್ಕೇ.

ಸೆಂಟು ಕೊಂಡು ಪಶ್ಚಾತ್ತಾಪ ಪಡುವವರಲ್ಲಿ ಹೆಚ್ಚಿನವರು ಮಾಡಿರುವ ತಪ್ಪು ಇಲ್ಲಿದೆ. ಅವರು ಕೊಂಡದ್ದು ಮೊದಲ ಹತ್ತು ನಿಮಿಷವನ್ನು. ಜೊತೆಗಿರಬೇಕಾದದ್ದು ಉಳಿದ ಆರು ಗಂಟೆ. ತಯಾರಕರಿಗೂ ಇದು ಗೊತ್ತು. ಕೌಂಟರಿನಲ್ಲಿ ಮಾರಾಟವಾಗಲೆಂದೇ ಮೇಲಿನ ಘಮವನ್ನು ಮಿರಮಿರ ಮಿಂಚುವಂತೆ ಕೂಡಿಸಿರುವ ಸೆಂಟುಗಳು ಬೇಕಾದಷ್ಟಿವೆ.

ಡಿಕಾಕ್ಷನ್ ಎಷ್ಟು, ಹಾಲು ಎಷ್ಟು

ಈಡಿಪಿ, ಈಡಿಟಿ ಎನ್ನುವುದು ಗಟ್ಟಿತನದ ಅಳತೆ. ಪರಿಮಳದ ಎಣ್ಣೆಯನ್ನು ಡಿಕಾಕ್ಷನ್ ಎಂದುಕೊಂಡರೆ ಆಲ್ಕೋಹಾಲ್ ಹಾಲಿದ್ದಂತೆ. ರೂಢಿಯ ಲೆಕ್ಕ ಹೀಗೆ: ಕೊಲೋನ್‌ನಲ್ಲಿ ಎಣ್ಣೆ ಶೇ 2ರಿಂದ 5, ಓ ಡ ಟಾಯ್ಲೆಟ್ ಅಂದರೆ ಈಡಿಟಿಯಲ್ಲಿ ಶೇ 5ರಿಂದ 15, ಓ ಡ ಪರ್ಫಮ್ ಅಂದರೆ ಈಡಿಪಿಯಲ್ಲಿ ಶೇ 15ರಿಂದ 20, ‘ಪರ್ಫಮ್’ ಅಥವಾ ‘ಎಕ್ಸ್‌ಟ್ರೇ’ ಎಂದಿದ್ದರೆ ಶೇ 20ರಿಂದ 30. ಇವು ಕಾನೂನು ಎಳೆದ ಗೆರೆಗಳಲ್ಲ. ಒಬ್ಬರ ಈಡಿಪಿ ಇನ್ನೊಬ್ಬರ ಈಡಿಟಿಗಿಂತ ತೆಳ್ಳಗಿರಬಹುದು.

ಗಟ್ಟಿ ಇದ್ದ ಮಾತ್ರಕ್ಕೆ ಹೆಚ್ಚು ಹೊತ್ತು ನಿಲ್ಲುತ್ತದೆ ಎನ್ನುವಂತೆಯೂ ಇಲ್ಲ. ಬರೀ ನಿಂಬೆ-ಕಿತ್ತಳೆಯಿಂದ ಮಾಡಿದ ಈಡಿಪಿ, ಗಂಧ-ಪಚ್ಚೆತೆನೆ ಇರುವ ಈಡಿಟಿಗಿಂತ ಮೊದಲೇ ಆರುತ್ತದೆ. ಹತ್ತು ತೆಳು ಪಂಚೆ ಹರವಿದರೂ ಒಂದು ಜೀನ್ಸಿನಷ್ಟು ಹೊತ್ತು ತಂತಿ ಹಸಿಯಾಗಿರುವುದಿಲ್ಲ. ಇನ್ನೊಂದು ಮಾತು: ಒಂದೇ ಹೆಸರಿನ ಈಡಿಟಿ ಮತ್ತು ಈಡಿಪಿ ಎಷ್ಟೋ ಸಲ ಬೇರೆ ಬೇರೆ ಪಾಕಗಳು. ಗೆಳೆಯರ ಈಡಿಟಿ ಮೂಸಿ ಹಿಡಿಸಿತೆಂದು ಅದರ ಈಡಿಪಿ ತರಿಸಿಕೊಂಡರೆ ನಿರಾಸೆಯಾಗಬಹುದು.

ಬೆಲೆ ಹೋಲಿಸಲು ಒಂದು ಸಲಕ್ಕೆ ಎಷ್ಟು ಬೀಳುತ್ತದೆ ಎಂದು ನೋಡುವುದು ಒಳ್ಳೆಯದು. ಸಾಮಾನ್ಯ ಸ್ಪ್ರೇ ಒಂದು ಒತ್ತಿಗೆ ಸುಮಾರು 0.1 ಮಿಲಿ ಹೊರಹಾಕುತ್ತದೆ. 50 ಮಿಲಿ ಶೀಶೆ ಎಂದರೆ ಸುಮಾರು 500 ಒತ್ತು. ದಿನಕ್ಕೆ ನಾಲ್ಕರಂತೆ ನಾಲ್ಕು ತಿಂಗಳು. ಅದರ ಬೆಲೆ 1,500 ರೂಪಾಯಿಯಾದರೆ ಒತ್ತಿಗೆ ಮೂರು ರೂಪಾಯಿ. ಎಂಟು ಒತ್ತು ಹೊಡೆದರೂ ಸಾಲದ ಅಗ್ಗದ ಸೆಂಟು ಈ ಲೆಕ್ಕದಲ್ಲಿ ಅಗ್ಗವಾಗಿ ಉಳಿಯುವುದಿಲ್ಲ.

ಡಿಯೋ, ಅತ್ತರು

ಗ್ಯಾಸ್ ಇರುವ ಡಿಯೋ ಡಬ್ಬದಲ್ಲಿ ಬಹುಪಾಲು ತುಂಬಿರುವುದು ದ್ರವವನ್ನು ಹೊರತಳ್ಳುವ ಬ್ಯೂಟೇನ್, ಪ್ರೋಪೇನ್‌ನಂಥ ಅನಿಲ. ಪರಿಮಳ ಕಡಿಮೆ. ಅದರ ಉದ್ದೇಶ ಕಂಕುಳಿನ ನಾತ ತಡೆಯುವುದು. ಬೆವರನ್ನೇ ತಡೆಯಬೇಕಾದರೆ ಅಲ್ಯೂಮಿನಿಯಂ ಲವಣವಿರುವ ‘ಆ್ಯಂಟಿಪರ್ಸ್ಪಿರೆಂಟ್’ ಬೇಕು, ಅದು ಬೇರೆಯೇ ಸಾಮಾನು. ಬೆವರಿನ ಮೇಲೆ ಸೆಂಟು ಹೊಡೆದರೆ ಎರಡೂ ಕೂಡಿ ಮೂರನೆಯದೊಂದು ನಾತ ಹುಟ್ಟುತ್ತದೆ; ಸಂಜೆಯ ಸಿಟಿ ಬಸ್ಸಿನಲ್ಲಿ ಅದರ ಅನುಭವ ಎಲ್ಲರಿಗೂ ಇದೆ.

ಅತ್ತರಿನಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಉತ್ತರ ಪ್ರದೇಶದ ಕನೌಜಿನ ಹಳೆಯ ವಿಧಾನದಲ್ಲಿ ತಾಮ್ರದ ಹಂಡೆಗೆ ಹೂವು-ನೀರು ತುಂಬಿ, ಬಾಯನ್ನು ಮಣ್ಣಿನಿಂದ ಮುಚ್ಚಿ ಕೆಳಗೆ ಉರಿ ಹಾಕುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು, ತಣ್ಣೀರಿನಲ್ಲಿ ಮುಳುಗಿಸಿದ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಗಂಧದೆಣ್ಣೆ ಕಾದಿರುತ್ತದೆ. ಹೂವಿನ ಸಾರ ಅದರೊಳಗೆ ಸೇರಿಕೊಳ್ಳುತ್ತದೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಆ ಜಾಗಕ್ಕೆ ವಾಸನೆಯಿಲ್ಲದ ಅಗ್ಗದ ದ್ರಾವಕಗಳು ಬಂದವು. ಇವತ್ತು ನೂರಿನ್ನೂರು ರೂಪಾಯಿಗೆ ಸಿಗುವ ‘ಅತ್ತರು’ ಕೃತಕ ಪರಿಮಳ ಬೆರೆಸಿದ ಅಂಥ ದ್ರಾವಕವೇ ಹೊರತು ಹಂಡೆ ಕಂಡದ್ದಲ್ಲ.

ಅತ್ತರು ಮೈಗೆ ಅಂಟಿಕೊಂಡೇ ಇರುತ್ತದೆ, ಹತ್ತಿರ ಬಂದವರಿಗಷ್ಟೇ ತಿಳಿಯುತ್ತದೆ. ಆಲ್ಕೋಹಾಲಿನ ಸೆಂಟು ಮೊದಲ ಗಂಟೆ ದೂರಕ್ಕೆ ಹರಡುತ್ತದೆ. ಎರಡು ಸ್ವಭಾವ, ಅಷ್ಟೆ.

ಗಂಧದೆಣ್ಣೆಯ ಬಗ್ಗೆ ಮೈಸೂರಿನವರಿಗೂ ಗೊತ್ತಿರದ ಕೆಲವು

ಮೊದಲ ಮಹಾಯುದ್ಧಕ್ಕೆ ಮುನ್ನ ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಹರಾಜಾಗಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಯುದ್ಧ ಹತ್ತಿ ದಾರಿ ಮುಚ್ಚಿದಾಗ ಕೊರಡು ಇಲ್ಲೇ ರಾಶಿಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನರಾಗಿ ವಿಶ್ವೇಶ್ವರಯ್ಯ. 1916–17ರ ಹೊತ್ತಿಗೆ ಎಣ್ಣೆ ಇಳಿಸುವ ಕೆಲಸ ಇಲ್ಲೇ ಶುರುವಾಯಿತು. ಸೋಪು ಬಂದದ್ದು ಅದರ ಬೆನ್ನಿಗೆ.

ಮರದ ಹೊರಗಿನ ಬಿಳಿಭಾಗಕ್ಕೆ ವಾಸನೆಯಿಲ್ಲ. ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ, ಬೇರಿನಲ್ಲೇ ಹೆಚ್ಚು. ಅದಕ್ಕೇ ಗಂಧದ ಮರವನ್ನು ಕಡಿಯದೆ ಬುಡಸಮೇತ ಕೀಳುತ್ತಾರೆ. ಚೇಗು ಬಲಿಯಲು ಹದಿನೈದಿಪ್ಪತ್ತು ವರ್ಷ ಬೇಕು, ಪುಡಿಮಾಡಿದ ಚಕ್ಕೆಯಿಂದ ಹಬೆಯಲ್ಲಿ ಎಣ್ಣೆ ಇಳಿಸಲು ದಿನಗಟ್ಟಲೆ ಹೊತ್ತು. ಅಣು ಭಾರ, ಏಳಲು ಸೋಮಾರಿ. ಮೈಮೇಲೆ ನಿಧಾನವಾಗಿ ಆರುವುದಕ್ಕೂ ಹಂಡೆಯಿಂದ ನಿಧಾನವಾಗಿ ಏಳುವುದಕ್ಕೂ ಕಾರಣ ಒಂದೇ. ಕಿಲೋ ಎಣ್ಣೆಗೆ ಲಕ್ಷಗಟ್ಟಲೆ ಬೆಲೆ ಬರುವುದು ಹೀಗೆ.

ಸೋಪಿನ ವಾಸನೆಯೇ ಗಂಧ ಎಂದುಕೊಂಡವರಿಗೆ ಶುದ್ಧ ಎಣ್ಣೆ ಮೊದಲ ಸಲ ಸಪ್ಪೆ ಎನಿಸುತ್ತದೆ. ಸೋಪಿನಲ್ಲಿ ಗಂಧದ ಜೊತೆಗೆ ಬೇರೆ ಪರಿಮಳಗಳೂ ಇರುತ್ತವೆ. ಅಸಲಿ ಎಣ್ಣೆ ಕಾಯಿಸಿದ ಹಾಲಿನಂತೆ ಮೆದು, ಸ್ವಲ್ಪ ಸಿಹಿ, ಮೂಗಿಗೆ ಅಡರುವುದಿಲ್ಲ. ಶೀಶೆ ತೆರೆದ ಕೂಡಲೇ ಗಪ್ಪೆಂದು ಬಡಿದರೆ ಅದೇ ಅನುಮಾನಕ್ಕೆ ಕಾರಣ.

ಬೀದಿಯಲ್ಲಿ ತೋರಿಸುವ ಪರೀಕ್ಷೆಗಳನ್ನು ನಂಬಬೇಡಿ. ಕಾಗದಕ್ಕೆ ಹಚ್ಚಿ ಕಲೆ ಮಾಯವಾದರೆ ಶುದ್ಧ ಎನ್ನುವುದು ನಿಂಬೆಹುಲ್ಲಿನಂಥ ಹಗುರ ಎಣ್ಣೆಗೆ ಸರಿ. ಗಂಧದೆಣ್ಣೆಯ ಕಲೆ ಶುದ್ಧವಾಗಿದ್ದರೂ ಬೇಗ ಹೋಗುವುದಿಲ್ಲ. ನೀರಿನ ಮೇಲೆ ತೇಲಿಸಿ ತೋರಿಸುವುದರಲ್ಲಿ ಹುರುಳಿಲ್ಲ, ಕಡಲೆಕಾಯಿ ಎಣ್ಣೆಯೂ ತೇಲುತ್ತದೆ. ಪಕ್ಕಾ ತಿಳಿಯುವುದು ಎಣ್ಣೆಯೊಳಗಿನ ಅಣುಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಅಳೆಯುವ ಪ್ರಯೋಗಾಲಯದ ಗ್ಯಾಸ್ ಕ್ರೊಮಟೋಗ್ರಫಿಯಿಂದ. ಐಎಸ್‌ಒ ಮಾನದಂಡದ ಪ್ರಕಾರ ನಮ್ಮ ಶ್ರೀಗಂಧದೆಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24 ಇರಬೇಕು. ಮನೆಗೆ ಒಂದು ಪುಟ್ಟ ಶೀಶೆ ಕೊಳ್ಳುವವರು ಮೊದಲು ಮೈಸೂರು ಸ್ಯಾಂಡಲ್ ಸೋಪು ತಯಾರಿಸುವ ಸರ್ಕಾರಿ ಸಂಸ್ಥೆ ಕೆಎಸ್‌ಡಿಎಲ್‌ನ ಮಳಿಗೆಯಲ್ಲೋ ಕಾವೇರಿ ಎಂಪೋರಿಯಂನಲ್ಲೋ ಬೆಲೆ ಕೇಳಿಕೊಂಡು ಹೊರಡುವುದು ಸುಲಭದ ದಾರಿ. ಬೇರೆಡೆ ಅದರ ಹತ್ತನೆಯ ಒಂದು ಪಾಲಿಗೆ ಕೊಡುತ್ತೇವೆಂದರೆ, ಶೀಶೆಯಲ್ಲಿ ಗಂಧವೂ ಅಷ್ಟೇ ಪಾಲು ಇದ್ದೀತು, ಇಲ್ಲದೆಯೂ ಇದ್ದೀತು.

ಪರ್ಫ್ಯೂಮ್ ಡಬ್ಬದ ಮೇಲಿನ ‘ಸ್ಯಾಂಡಲ್‌ವುಡ್’ ಸಾಮಾನ್ಯವಾಗಿ ಮರದಿಂದ ಬಂದದ್ದಲ್ಲ. ಪೈನ್ ಮರದ ಟರ್ಪೆಂಟೈನಿನಿಂದ ಸಿಗುವ ಪೈನೀನ್‌ ಹಿಡಿದು ಹಂತಹಂತವಾಗಿ ತಯಾರಿಸುವ ಸ್ಯಾಂಡಲೋರ್, ಜಾವನಾಲ್‌ನಂಥ ಅಣುಗಳು ಆ ಕೆಲಸ ಮಾಡುತ್ತವೆ. ಕೃತಕವೆಂದರೆ ಕೀಳೆಂದಲ್ಲ. 1880ರ ದಶಕದಿಂದ ಈಚಿನ ಆಧುನಿಕ ಪರ್ಫ್ಯೂಮ್ ಕಲೆ ನಿಂತಿರುವುದೇ ಕೂಮರಿನ್, ವೆನಿಲಿನ್‌ನಂಥ ಪ್ರಯೋಗಾಲಯದ ಅಣುಗಳ ಮೇಲೆ. ಕಸ್ತೂರಿಯಂತೂ ಈಗ ಪೂರಾ ಕೃತಕ, ಹಾಗಿರಬೇಕಾದದ್ದೇ. ಕಸ್ತೂರಿ ಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ‘ಅಸಲಿ ಕಸ್ತೂರಿ’ ಎಂದು ಯಾರಾದರೂ ಮಾರಿದರೆ ಅದು ಮೋಸ, ಇಲ್ಲವೇ ಅಪರಾಧ.

ಮಲ್ಲಿಗೆಯದು ಇನ್ನೊಂದು ಕಥೆ. ಅದನ್ನು ಹಬೆಯಲ್ಲಿ ಬೇಯಿಸಿದರೆ ಘಮ ಕೆಡುತ್ತದೆ. ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ, ದ್ರಾವಕ ಹಾರಿಸಿ ಮೇಣದಂಥ ‘ಕಾಂಕ್ರೀಟ್’ ಮಾಡಿ, ಅದನ್ನು ಆಲ್ಕೋಹಾಲಿನಲ್ಲಿ ತೊಳೆದು ‘ಆಬ್ಸಲ್ಯೂಟ್’ ತೆಗೆಯಬೇಕು. ಒಂದು ಟನ್ ಹೂವಿಗೆ ಸಿಗುವುದು ಒಂದೂವರೆ ಕಿಲೋ ಆಸುಪಾಸು. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಅಣು ಇದೆ. ಬಿಡಿಯಾಗಿ ಮೂಸಿದರೆ ನುಸಿಗುಳಿಗೆಯ, ಮಲದ ವಾಸನೆ. ಆದರೆ ಅದು ಚಿಟಿಕೆ ಇಲ್ಲದಿದ್ದರೆ ಮಲ್ಲಿಗೆ ಶ್ಯಾಂಪೂ ಆಗಿಬಿಡುತ್ತದೆ. ಕೆಲವು ಮಲ್ಲಿಗೆ ಸೆಂಟು ಮುಡಿದ ಹೂವಿನ ಹಾಗಿದ್ದು, ಕೆಲವು ಬಚ್ಚಲಿನ ಹಾಗಿರುವುದು ಇದರಿಂದ.

ಅಂಗಡಿಯಲ್ಲಿ ಮೂಸುವ ಕ್ರಮ

ಆ ದಿನ ಬೇರೆ ಸೆಂಟು ಹಾಕಿಕೊಳ್ಳದೆ ಹೋಗಿ. ಮೊದಲು ಕಾಗದದ ಪಟ್ಟಿಯ ಮೇಲೆ ಹೊಡೆಸಿ, ಅರ್ಧ ನಿಮಿಷ ಗಾಳಿಯಾಡಿಸಿ, ಮೂಗಿಗೆ ತಾಗಿಸದೆ ಮೂಸಿ. ಪಟ್ಟಿಯ ಮೇಲೆ ಹೆಸರು ಬರೆದುಕೊಳ್ಳದಿದ್ದರೆ ಮೂರನೆಯದರ ಹೊತ್ತಿಗೆ ಎಲ್ಲ ಕಲಸಿಹೋಗುತ್ತದೆ. ಒಂದು ಸಲಕ್ಕೆ ನಾಲ್ಕೈದು ಸಾಕು. ನಡುವೆ ಕಾಫಿ ಬೀಜ ಮೂಸುವುದರಿಂದ ಬರೀ ಗಾಳಿಗಿಂತ ಹೆಚ್ಚಿನ ಲಾಭವಿಲ್ಲ. ಬಾಗಿಲ ಹೊರಗೆ ನಿಂತು ಬಂದರೆ ಆಯಿತು.

ಹಿಡಿಸಿದ ಎರಡನ್ನು ಮಾತ್ರ ಮೈಗೆ ಹಾಕಿ, ಎಡ ಮಣಿಕಟ್ಟಿಗೊಂದು, ಬಲಕ್ಕೊಂದು. ಉಜ್ಜಬೇಡಿ, ಉಜ್ಜಿದ ಬಿಸಿಗೆ ಮೇಲಿನ ಘಮ ಬೇಗ ಆರುತ್ತದೆ. ಆಮೇಲೆ ಅಂಗಡಿಯಿಂದ ಹೊರಡಿ. ಸಯ್ಯಾಜಿರಾವ್ ರಸ್ತೆಯಲ್ಲಿ ಬೇರೆ ಕೆಲಸ ಮುಗಿಸಿ, ಊಟ ಮಾಡಿ. ಅರ್ಧ ಗಂಟೆಯಾದ ಮೇಲೆ ಒಮ್ಮೆ, ಎರಡು ಗಂಟೆಯಾದ ಮೇಲೆ ಒಮ್ಮೆ, ಐದು ಗಂಟೆಯಾದ ಮೇಲೆ ಒಮ್ಮೆ ಮೂಸಿ ನೋಡಿ. ಐದನೆಯ ಗಂಟೆಯದು ಹಿಡಿಸಿದರೆ ಮಾತ್ರ ಕೊಳ್ಳಿ. ಆನ್‌ಲೈನ್‌ನಲ್ಲಾದರೆ 2 ಮಿಲಿಯ ಸ್ಯಾಂಪಲ್ ತರಿಸಿ. ಇಪ್ಪತ್ತು ಒತ್ತು ಬರುತ್ತದೆ, ವಾರ ಪೂರ್ತಿ ಪರೀಕ್ಷಿಸಬಹುದು.

ಏಪ್ರಿಲ್‌ನ 35 ಡಿಗ್ರಿ ಬಿಸಿಲಿನಲ್ಲಿ ಎಲ್ಲವೂ ಬೇಗ ಆರುತ್ತವೆ, ಸಿಹಿ ವೆನಿಲಾ, ಊದ್‌ನಂಥವು ಏಕಕಾಲಕ್ಕೆ ಎದ್ದು ತಲೆ ಹಿಡಿಸುತ್ತವೆ. ಆಗ ನಿಂಬೆ, ಲಾವಂಚ, ತೆಳು ಹೂವು ಹಿತ. ಧನುರ್ಮಾಸದ ಚಳಿಯಲ್ಲಿ ಅದೇ ತೆಳು ಸೆಂಟು ಮೈಯಿಂದ ಏಳುವುದೇ ಇಲ್ಲ. ಬೇಸಿಗೆಯಲ್ಲಿ ಕೊಳ್ಳುವುದನ್ನು ಏಸಿ ಅಂಗಡಿಯೊಳಗೆ ನಿಂತು ತೀರ್ಮಾನಿಸಬಾರದು ಎನ್ನುವುದೂ ಇದಕ್ಕೇ.

ಹಾಕಿಕೊಳ್ಳುವುದು, ಹಾಳುಮಾಡಿಕೊಳ್ಳುವುದು

ಒಣ ಚರ್ಮದ ಮೇಲೆ ಸೆಂಟು ಬೇಗ ಆರುತ್ತದೆ. ಸ್ನಾನವಾದ ಮೇಲೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ತೆಳುವಾಗಿ ವ್ಯಾಸಲೀನ್ ಹಚ್ಚಿ, ಅದರ ಮೇಲೆ ಒಂದು ಗೇಣು ದೂರದಿಂದ ಎರಡು ಮೂರು ಒತ್ತು: ಕುತ್ತಿಗೆ, ಎದೆ, ಮೊಣಕೈ ಮಡಿಕೆ. ಬಿಸಿಲಿಗೆ ಹೋಗುವವರು ಕುತ್ತಿಗೆ ಬಿಟ್ಟು ಮುಚ್ಚಿದ ಜಾಗಕ್ಕೆ ಹಾಕಿದರೆ ಮೇಲು, ಬೆರ್ಗಮಾಟ್‌ನಂಥ ಕೆಲವು ಸಿಪ್ಪೆಯೆಣ್ಣೆಗಳು ಬಿಸಿಲಿಗೆ ಚರ್ಮ ಕಪ್ಪಿಡುವಂತೆ ಮಾಡಬಲ್ಲವು.

ರೇಷ್ಮೆ ಸೀರೆಯ ಮೇಲೆ ಎಂದೂ ಹೊಡೆಯಬೇಡಿ. ಆಲ್ಕೋಹಾಲ್ ಬಣ್ಣ ಬಿಡಿಸುತ್ತದೆ, ಎಣ್ಣೆ ಕಲೆ ಉಳಿಸುತ್ತದೆ, ಜರಿ ಮಂಕಾಗಬಹುದು. ಮುತ್ತಿನ ಸರಕ್ಕೂ ಒಳ್ಳೆಯದಲ್ಲ. ಸೆಂಟು ಹಾಕಿಕೊಂಡು, ಅದು ಆರಿದ ಮೇಲೆ ಸೀರೆ, ಆಮೇಲೆ ಒಡವೆ. ದೀಪ, ಊದುಬತ್ತಿಯ ಹತ್ತಿರ ಹೊಡೆಯಬಾರದು, ಅದು ಬೆಂಕಿ ಹಿಡಿಯುವ ದ್ರವ.

ಅರ್ಧ ಗಂಟೆಯಲ್ಲಿ ನಿಮಗೇ ವಾಸನೆ ತಿಳಿಯದಿದ್ದರೆ ಸೆಂಟು ಹೋಯಿತೆಂದಲ್ಲ. ಒಗ್ಗರಣೆ ಹಾಕಿದವರಿಗೆ ಇಂಗಿನ ಘಮ ತಿಳಿಯುವುದಿಲ್ಲ, ಹೊರಗಿನಿಂದ ಬಂದವರಿಗೆ ತಿಳಿಯುತ್ತದೆ. ಮತ್ತೆ ಮತ್ತೆ ಹೊಡೆದುಕೊಳ್ಳುವ ಮುನ್ನ ಮನೆಯವರನ್ನು ಕೇಳಿ. ಕೆಲವರ ಮೂಗಿಗೆ ಕೆಲವು ಕಸ್ತೂರಿ ಅಣುಗಳು ಗೊತ್ತಾಗುವುದೇ ಇಲ್ಲ. ಅಂಥವರು ಹೆಚ್ಚು ಹಾಕಿಕೊಂಡು ಪಕ್ಕದವರಿಗೆ ತಲೆನೋವು ತರಿಸುವುದುಂಟು.

ಹೊಸ ಸೆಂಟನ್ನು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಾಕಿ ಎರಡು ದಿನ ಕಾಯಿರಿ. ಕೆಂಪಾಗುವುದು, ನವೆ ಬರುವುದು ಕಂಡರೆ ಬೇಡ. ‘ನೈಸರ್ಗಿಕ’ ಎಂದಿದ್ದರೂ ಈ ಪರೀಕ್ಷೆ ತಪ್ಪಿಸಬಾರದು, ಹೂವು-ಸಿಪ್ಪೆಯ ಎಣ್ಣೆಗಳಲ್ಲಿರುವ ಲಿನಲೂಲ್, ಲಿಮೋನೀನ್ ಹಳತಾದಂತೆ ಅಲರ್ಜಿ ತರುವ ಗುಣ ಪಡೆಯುತ್ತವೆ.

ಡಬ್ಬದ ಮೇಲೆ ಓದಬೇಕಾದದ್ದು

ನಮ್ಮಲ್ಲಿ ಪರ್ಫ್ಯೂಮ್ ಕಾನೂನಿನ ಲೆಕ್ಕದಲ್ಲಿ ಸೌಂದರ್ಯವರ್ಧಕ. ತಯಾರಕರ ಹೆಸರು-ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಅವಧಿ, ಪ್ರಮಾಣ, ಎಂಆರ್‌ಪಿ ಇರಲೇಬೇಕು. ಆಮದಾಗಿದ್ದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ. ಡಬ್ಬದ ಬ್ಯಾಚ್ ಸಂಖ್ಯೆ ಶೀಶೆಯ ತಳದಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಬಿಟ್ಟುಬಿಡಿ. ‘ಫಸ್ಟ್ ಕಾಪಿ’ ಎಂದು ಮಾರುವುದರಲ್ಲಿ ಮೇಲಿನ ಘಮವನ್ನು ಚೆನ್ನಾಗಿಯೇ ನಕಲು ಮಾಡಿರುತ್ತಾರೆ, ಖರ್ಚು ಉಳಿಸುವುದು ತಳದಲ್ಲಿ. ಅದಕ್ಕೇ ಅಂಗಡಿಯಲ್ಲಿ ಮೂಸಿದರೆ ವ್ಯತ್ಯಾಸ ಸಿಗುವುದಿಲ್ಲ, ಎರಡು ಗಂಟೆಯ ಮೇಲೆ ಸಿಗುತ್ತದೆ.

ಇಟ್ಟುಕೊಳ್ಳುವುದು

ಬಿಸಿ, ಬೆಳಕು, ಗಾಳಿ, ಮೂರೂ ಶತ್ರುಗಳು. ಬಚ್ಚಲಮನೆ, ಕಿಟಕಿ ಪಕ್ಕದ ಕನ್ನಡಿ ಮೇಜು, ಬಿಸಿಲಲ್ಲಿ ನಿಲ್ಲಿಸಿದ ಕಾರು, ಮೂರೂ ಕೆಟ್ಟ ಜಾಗ. ಡಬ್ಬದೊಳಗೇ ಇಟ್ಟು ಬೀರುವಿನ ಕೆಳಗಿನ ಅರೆಯಲ್ಲಿಟ್ಟರೆ ಮೂರು ನಾಲ್ಕು ವರ್ಷ ಚೆನ್ನಾಗಿರುತ್ತದೆ. ಶೀಶೆ ಅರ್ಧವಾದ ಮೇಲೆ ಒಳಗೆ ಗಾಳಿ ಹೆಚ್ಚುತ್ತದೆ, ಬೇಗ ಮುಗಿಸಿ.

ಬಣ್ಣ ಕಂದಾದರೆ ಕೆಟ್ಟಿತೆಂದು ಎಸೆಯಬೇಕಾಗಿಲ್ಲ, ವೆನಿಲಾ ಇರುವವು ತಾವಾಗಿಯೇ ಕಂದಾಗುತ್ತವೆ. ಹಳೆಯ ಶೀಶೆಯನ್ನು ಮೊದಲು ಕಾಗದಕ್ಕೆ ಹೊಡೆದು ನೋಡಿ. ಹುಳಿ ಅಥವಾ ವಾರ್ನಿಶ್ ವಾಸನೆ ಬಂದು ಐದಾರು ನಿಮಿಷದಲ್ಲಿ ಅಡಗಿದರೆ ಹಾಳಾಗಿರುವುದು ಮೇಲಿನ ಘಮವಷ್ಟೇ. ಚರ್ಮಕ್ಕೆ ಬೇಡ, ಕರವಸ್ತ್ರಕ್ಕೆ ಹಾಕಿಕೊಳ್ಳಬಹುದು. ಗಂಟೆಯಾದರೂ ಹುಳಿ ಉಳಿದರೆ ತಳದವರೆಗೂ ಕೆಟ್ಟಿದೆ.